ಡಿಕ್ಲರೇಷನ್ ಕಾಗದ

ಭಂಡಿಗಡಿಯ ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಹಳದಿಗಟ್ಟಿದ ಒಂದು ಕಾಗದವಿದೆ. ಗೇಣಿದಾರರಾಗಿದ್ದ ಅಜ್ಜನಿಗೆ ತೋಟದ ಹಕ್ಕು ಕೊಟ್ಟ ಭೂನ್ಯಾಯಮಂಡಳಿಯ ಆದೇಶ ಅದು. ನಮ್ಮ ಕಡೆ 'ಡಿಕ್ಲರೇಷನ್ ಕೊಟ್ಟದ್ದು' ಎಂದರೆ ಸಾಕು, ಏಳನೇ ನಮೂನೆಯ ಅರ್ಜಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆ ಕಾಗದ ತೆಗೆದಾಗಲೆಲ್ಲ ಅಜ್ಜ ಹೇಳುತ್ತಿದ್ದದ್ದು ಗೋಪಾಲಗೌಡರ ಹೆಸರು. ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ನನಗೆ ಇದು ತಪ್ಪು ಅನ್ನಿಸಿತ್ತು. ಗೇಣಿ ರದ್ದಾದದ್ದು 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಕಾಂಗ್ರೆಸ್ ಸರ್ಕಾರದಲ್ಲಿ. ಶಾಂತವೇರಿ ಗೋಪಾಲಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು.

ಆದರೆ ಅಜ್ಜನ ಲೆಕ್ಕ ಶುರುವಾಗುತ್ತಿದ್ದದ್ದು 1951ರಿಂದ. ಆ ವರ್ಷ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಕೇಳಿದ್ದು ಭೂಮಿಯನ್ನಲ್ಲ, ಸರಿಯಾದ ಕೊಳಗವನ್ನು. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯರ ಅಂಗಳದಲ್ಲಿ ದೊಡ್ಡದಾಗುತ್ತಿತ್ತು. ಕೇಳಿದವರನ್ನು ಗದ್ದೆಯಿಂದ ಬಿಡಿಸಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ಆ ಹೋರಾಟವನ್ನು ಸಮಾಜವಾದಿ ಪಕ್ಷ ಕೈಗೆತ್ತಿಕೊಂಡಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ಜಗಳ 'ಉಳುವವನೇ ಹೊಲದೊಡೆಯ' ಎಂಬ ಕೂಗಾಯಿತು. ಮರುವರ್ಷ ಗೋಪಾಲಗೌಡರು ಶಾಸಕರಾದರು. ಅನಂತಮೂರ್ತಿಯವರ 'ಅವಸ್ಥೆ' ಓದಿದವರಿಗೆ ಅವರ ನೆರಳು ಗೊತ್ತಿರುತ್ತದೆ.

ಗೋಪಾಲಗೌಡರ ಪಕ್ಷ ಎಂದೂ ಸರ್ಕಾರ ಮಾಡಲಿಲ್ಲ. ಅದರ ಮಾತನ್ನು ಎದುರಾಳಿ ಪಕ್ಷ ಕಾನೂನು ಮಾಡಿತು. ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಕಾಂಗ್ರೆಸ್ಸಿಗೆ ಹೋದರು, ಜೆ.ಎಚ್. ಪಟೇಲರು ಜನತಾದಳದಲ್ಲಿ ಮುಖ್ಯಮಂತ್ರಿಯಾದರು. ನಮ್ಮ ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು ಅದೇ ಜನತಾದಳದ ಶಿಕ್ಷಣ ಸಚಿವರಾಗಿ ಲಂಚವಿಲ್ಲದೆ ಮೇಷ್ಟ್ರುಗಳನ್ನು ನೇಮಿಸಿದರು. ಆ ಕಾಲದಲ್ಲಿ ಕೆಲಸ ಸಿಕ್ಕವರು ಇವತ್ತಿಗೂ ಅದನ್ನು ಹೇಳುತ್ತಾರೆ. ಮೌಲ್ಯ ಉಳಿದಿತ್ತು ಎನ್ನಲು ನನಗೆ ಅಷ್ಟು ಸಾಕು.

ಭೂಮಿಯ ವಿಚಾರದಲ್ಲಿ ಹಾಗನ್ನಲಾರೆ. ಕೃಷಿಕರಲ್ಲದವರು, ಹೆಚ್ಚು ವರಮಾನದವರು ಕೃಷಿಭೂಮಿ ಕೊಳ್ಳದಂತೆ ತಡೆದದ್ದು ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು. 2015ರಲ್ಲಿ, ತಾವೇ ಸಮಾಜವಾದಿ ಹಿನ್ನೆಲೆಯ ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರ, ವರಮಾನದ ಮಿತಿಯನ್ನು 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತು. 2020ರಲ್ಲಿ ಬಿಜೆಪಿ ಸರ್ಕಾರ ಕಲಂಗಳನ್ನೇ ತೆಗೆಯಿತು. ಅದು ಆ ಪಕ್ಷದ ನಿಲುವು, ಆಶ್ಚರ್ಯವಿಲ್ಲ. ಆದರೆ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಪಾಸಾದದ್ದು, ಮೊದಲು ವಿರೋಧಿಸಿದ್ದ ಜಾತ್ಯತೀತ ಜನತಾದಳದ ಬೆಂಬಲದಿಂದ. ರೈತರ ಪಕ್ಷ ಎಂದೇ ಮತ ಕೇಳುವ ಪಕ್ಷ. ಗೋಪಾಲಗೌಡರ ಮನೆತನದ ಹೆಸರು ಹೇಳಿಕೊಳ್ಳುವವರು ಒಬ್ಬರಾದರೂ ಆ ದಿನ ಕಾಗೋಡನ್ನು ನೆನೆಸಿಕೊಂಡಿರಬೇಕು ಎಂದು ನನ್ನ ಆಸೆ.

ಕಾಯ್ದೆಯಿಂದ ನೊಂದವರೂ ಇದ್ದಾರೆ. ಇದ್ದ ಅಷ್ಟಿಷ್ಟನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು ಅದನ್ನೂ ಕಳೆದುಕೊಂಡರು. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟ ಇಟ್ಟುಕೊಂಡು ಏನು ಮಾಡೋಣ ಎಂದು ಕೇಳುವವನನ್ನು ಪಕ್ಷದ್ರೋಹಿ ಎನ್ನಲಾಗದು. ಹಾಗೆ ಕೇಳುತ್ತಿರುವವನು ನನ್ನ ತಮ್ಮನೇ. ಬೆಂಗಳೂರಿನವರೊಬ್ಬರು ಹೋಂಸ್ಟೇ ಮಾಡಲು ತೋಟ ನೋಡಿ ಹೋಗಿದ್ದಾರೆ. 2020ಕ್ಕೆ ಮುಂಚೆ ಅವರು ಕೊಳ್ಳುವ ಹಾಗಿರಲಿಲ್ಲ.

ಮಾರಬೇಕಾದರೆ ನನ್ನ ಸಹಿಯೂ ಬೇಕು. ಹಳೆಯ ಆದೇಶದ ಜೆರಾಕ್ಸ್ ಕಳಿಸು ಎಂದು ತಮ್ಮ ಎರಡು ಸಲ ಫೋನ್ ಮಾಡಿದ. ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇದೆ.