ಕಾನೂನು ಗುಡ್ಡ ಹತ್ತಿದ ಬಗೆ

ಭರತ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಸವದತ್ತಿಯ ದಾರಿ ಹಿಡಿದವರಿಗೆ ಆ ನೋಟ ಹೊಸತಲ್ಲ. ಬೈಲಹೊಂಗಲದ ಕಡೆಯಿಂದ, ರಾಮದುರ್ಗದ ಕಡೆಯಿಂದ ಸಾಲುಗಟ್ಟಿ ಬರುವ ಚಕ್ಕಡಿಗಳು, ಟ್ರ್ಯಾಕ್ಟರುಗಳು. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಬಳಿದುಕೊಂಡು ‘ಉಧೋ ಉಧೋ’ ಎನ್ನುತ್ತ ಯಲ್ಲಮ್ಮನ ಗುಡ್ಡ ಏರುವ ಜನ. ಇದೇ ದೇವಿಯ ಹೆಸರಿನಲ್ಲಿ ತಲೆಮಾರುಗಳ ಕಾಲ ಬಡವರ, ಅದರಲ್ಲೂ ದಲಿತರ, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಅನೇಕರು ಮುಂದೆ ಸಾಂಗ್ಲಿ, ಪುಣೆ, ಮುಂಬಯಿಗಳ ಕೆಂಪುದೀಪದ ಓಣಿಗಳನ್ನು ಸೇರಿದರು. ಗುಡ್ಡ ಹತ್ತಿದ ಹಾದಿಯೇ ಅವರನ್ನು ಗಡಿ ದಾಟಿಸಿತು.

ಇದನ್ನು ತಡೆಯಲು ಕಾನೂನು ಇರಲಿಲ್ಲವೆ? ಇತ್ತು. ಅದನ್ನು ಹಳ್ಳಿಯ ಹೊಸ್ತಿಲಿಗೆ ಒಯ್ಯುವವರು ಇರಲಿಲ್ಲ. ವಕೀಲರಲ್ಲದ, ಆದರೆ ತರಬೇತಿ ಪಡೆದ ಸಂಘಸಂಸ್ಥೆಗಳ ಕಾರ್ಯಕರ್ತರು ಆ ಕೆಲಸಕ್ಕೆ ಇಳಿದದ್ದು ಬಹಳ ತಡವಾಗಿ.

ಮೈಸೂರು ಸಂಸ್ಥಾನ 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂದಿತು. ಮುತ್ತು ಕಟ್ಟುವುದು ಕಾನೂನುಬಾಹಿರ, ದೇವದಾಸಿಯಾದವಳು ಮದುವೆಯಾದರೆ ಆ ಮದುವೆ ಸಿಂಧು ಎಂದು ಅದು ಸಾರಿತು. ಆದರೆ ಪರಸಗಡ ತಾಲ್ಲೂಕಿನ ಸವದತ್ತಿಗೂ ಸಂಪಗಾವಿ ತಾಲ್ಲೂಕಿನ ಬೈಲಹೊಂಗಲ, ಕಿತ್ತೂರುಗಳಿಗೂ ಅನ್ವಯಿಸಿದ ಈ ಕಾಯಿದೆ ನೆರೆಯ ರಾಮದುರ್ಗಕ್ಕೆ ಅನ್ವಯಿಸುತ್ತಿರಲಿಲ್ಲ. ರಾಮದುರ್ಗ ದೇಶೀ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ಪ್ರಾಂತದ ಶಾಸನಗಳು ತಾವಾಗಿಯೇ ಅಲ್ಲಿಗೆ ಕಾಲಿಡುವಂತಿರಲಿಲ್ಲ. ದೇವಿಯ ಭಕ್ತರಿಗೆ ಇಲ್ಲದ ಗಡಿ ಕಾನೂನಿಗೆ ಇತ್ತು!

1956ರ ಏಕೀಕರಣದ ಬಳಿಕವೂ ಈ ಭಾಗದಲ್ಲಿ ಹಳೆಯ ಮುಂಬಯಿ ಕಾಯಿದೆಯೇ ಮುಂದುವರಿಯಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯಿದೆ ಬಂದದ್ದು 1982ರಲ್ಲಿ. ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ. ತಪ್ಪಿತಸ್ಥರು ಹೆತ್ತವರು ಅಥವಾ ಬಂಧುಗಳೇ ಆಗಿದ್ದರೆ ಎರಡರಿಂದ ಐದು ವರ್ಷ.

ತೊಡಕು ಇದ್ದದ್ದೂ ಇಲ್ಲಿಯೇ. ಮಗಳಿಗೆ ಮುತ್ತು ಕಟ್ಟಿಸಿದ ತಾಯಿ ಅನೇಕ ವೇಳೆ ತಾನೂ ಮುತ್ತು ಕಟ್ಟಿಸಿಕೊಂಡವಳು. ದೂರು ಕೊಡಬೇಕಾದವಳು ಮಗಳು, ಆರೋಪಿ ತಾಯಿ. ಯಾವ ಮಗಳು ಠಾಣೆಯ ಮೆಟ್ಟಿಲು ಹತ್ತಿಯಾಳು? ಗುಡ್ಡದಲ್ಲಿ ಪೊಲೀಸರ ಕಾವಲು ಹೆಚ್ಚಿದಂತೆ ಮುತ್ತು ಕಟ್ಟುವ ಕಾರ್ಯ ಮನೆಗಳಿಗೆ, ಸಣ್ಣಪುಟ್ಟ ಗುಡಿಗಳಿಗೆ ಸರಿಯಿತು. ಕಾಯಿದೆ ಭಯ ಹುಟ್ಟಿಸಿತು, ಭರವಸೆ ಹುಟ್ಟಿಸಲಿಲ್ಲ. ಸರ್ಕಾರವೇ 1993-94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. 2007-08ರ ಮರುಸಮೀಕ್ಷೆಯ ನಂತರ ಈ ಸಂಖ್ಯೆ 46,660ಕ್ಕೆ ಏರಿತು.

ಬದಲಾವಣೆಯ ಗಾಳಿ ಬೀಸಿದ್ದು 1990ರ ದಶಕದಲ್ಲಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿಗೆ ಕೈಹಾಕಿದವು. ಅದರ ಫಲವಾಗಿ 1997ರಲ್ಲಿ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’, ಹುಟ್ಟಿಕೊಂಡಿತು. ಮಾಜಿ ದೇವದಾಸಿಯರೇ ಅದರ ಸದಸ್ಯರು, ಅವರೇ ನಡೆಸುವವರು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು, ಮುಂದೆ ಈ ಸಂಸ್ಥೆಯ ಹೊಣೆ ಹೊತ್ತ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ಇಂಥ ಸಂಘಟನೆಯ ಕಾರ್ಯಕರ್ತೆಗೆ ಒಂದು ಅನುಕೂಲ ಉಂಟು. ‘ಅಕ್ಕಾ, ಹೆದರಬ್ಯಾಡ’ ಎಂದು ಅವಳು ಹೇಳಿದರೆ ಎದುರಿನವಳು ನಂಬುತ್ತಾಳೆ. ಏಕೆಂದರೆ ಹೇಳುವವಳ ಕೊರಳಲ್ಲಿಯೂ ಒಮ್ಮೆ ಅದೇ ಮುತ್ತು ಇತ್ತು. ಆದರೆ ನಂಬಿಕೆಯೊಂದೇ ಸಾಲದು. ಯಾವ ಅರ್ಜಿ ತಹಶೀಲ್ದಾರರಿಗೆ, ಯಾವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಯಾವುದು ಠಾಣೆಗೆ ಎಂಬುದು ಗೊತ್ತಿರಬೇಕು. ಠಾಣೆಯಲ್ಲಿ ದೂರು ದಾಖಲಾದ ಮೇಲೆ ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೇಳಿ ಪಡೆಯುವುದು ಹಕ್ಕು ಎಂಬುದೂ ಗೊತ್ತಿರಬೇಕು. ತರಬೇತಿ ಬೇಕಾಗುವುದು ಇದಕ್ಕೆ.

ಇದಕ್ಕೆ ಸರ್ಕಾರಿ ಚೌಕಟ್ಟು ದೊರೆತದ್ದು ಇನ್ನೊಂದು ದಾರಿಯಿಂದ. 1976ರ ಸಂವಿಧಾನ ತಿದ್ದುಪಡಿ ಉಚಿತ ಕಾನೂನು ನೆರವಿನ ಮಾತನ್ನು 39ಎ ವಿಧಿಯಾಗಿ ಸೇರಿಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದು, ತಾಲ್ಲೂಕು ಮಟ್ಟದವರೆಗೆ ಸಮಿತಿಗಳು ರಚನೆಯಾದವು. ಮಹಿಳೆಯರು, ಪರಿಶಿಷ್ಟರು, ಮಾನವ ಸಾಗಾಟಕ್ಕೆ ಸಿಕ್ಕವರು ವರಮಾನ ಎಷ್ಟೇ ಇರಲಿ, ಈ ನೆರವಿಗೆ ಅರ್ಹರು. ರಾಷ್ಟ್ರೀಯ ಪ್ರಾಧಿಕಾರ 2009ರಲ್ಲಿ ಅರೆ ಕಾನೂನು ಸ್ವಯಂಸೇವಕರ ಯೋಜನೆ ತಂದಿತು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಾ ಸಂಸ್ಥೆಗಳ ಸದಸ್ಯರನ್ನು ಆರಿಸಿ, ಕಾನೂನಿನ ಮೂಲಪಾಠ ಹೇಳಿಕೊಟ್ಟು, ಗುರುತಿನ ಚೀಟಿ ಕೊಡುವ ವ್ಯವಸ್ಥೆ ಇದು. ಕಕ್ಷಿದಾರರಿಂದ ಅವರು ಹಣ ಪಡೆಯುವಂತಿಲ್ಲ. 2015ರಲ್ಲಿ ಸಾಗಾಟಕ್ಕೆ ಬಲಿಯಾದವರ ನೆರವಿಗೆಂದೇ ಪ್ರತ್ಯೇಕ ಯೋಜನೆಯೂ ಬಂದಿತು.

ವಕೀಲಿ ಓದದವರು ಎಷ್ಟು ದೂರ ಹೋಗಬಹುದು ಎಂಬ ಪ್ರಶ್ನೆ ಎಲ್ಲೆಡೆಯೂ ಇದೆ. ಅಮೆರಿಕದಲ್ಲಿ ವಲಸಿಗರ ನೆರವಿಗೆ ನಿಂತ ಲಾಭರಹಿತ ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಪಡೆದ ಮೇಲೆ ಸರ್ಕಾರದ ಮಾನ್ಯತೆ ಸಿಗುತ್ತದೆ. ಪೂರ್ಣ ಮಾನ್ಯತೆ ಪಡೆದವರು ವಲಸೆ ನ್ಯಾಯಾಲಯದಲ್ಲಿ ವಾದವನ್ನೂ ಮಾಡಬಹುದು. ನಮ್ಮಲ್ಲಿ 1961ರ ವಕೀಲರ ಕಾಯಿದೆಯಂತೆ ವಾದಿಸುವುದು ವಕೀಲರ ಕೆಲಸ. ಯಾವುದಾದರೊಂದು ಪ್ರಕರಣದಲ್ಲಿ ನ್ಯಾಯಾಲಯ ಅನುಮತಿ ಕೊಟ್ಟರಷ್ಟೇ ಬೇರೆಯವರು ಮಾತಾಡಬಹುದು. ಸ್ವಯಂಸೇವಕರದು ದಾರಿ ತೋರಿಸುವ ಕೆಲಸ. ಗುಡ್ಡ ಕಂಡವರಿಗೆ ಇದು ಬೇಗ ಅರ್ಥವಾದೀತು: ಮೆಟ್ಟಿಲು ತಾನೇ ಹತ್ತಬೇಕು, ಆದರೆ ಯಾವ ಮೆಟ್ಟಿಲು ಎಂದು ಹೇಳುವವರು ಬೇಕು.

ಈ ನೆರವು ದೇವದಾಸಿಯರಿಗಷ್ಟೇ ಬೇಕಾದದ್ದಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವುದು ಹಳೆಯ ವಾಡಿಕೆ. ಹೊರರಾಜ್ಯಕ್ಕೆ ಗುತ್ತಿಗೆದಾರರು ಕರೆದೊಯ್ಯುವ ಕೂಲಿಗಾರರಿಗೆ ಪ್ರಯಾಣ ಭತ್ಯೆಯನ್ನೂ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆಯನ್ನೂ ಕೊಡಬೇಕೆಂದು 1979ರ ಕಾಯಿದೆ ವಿಧಿಸಿತ್ತು. ಅಂಥದೊಂದು ಹಕ್ಕು ತನಗಿತ್ತೆಂದು ತಿಳಿದು ಕೇಳಿ ಪಡೆದ ಕೂಲಿಕಾರರು ಎಷ್ಟು ಮಂದಿ? ಗಡಿ ದಾಟಿ ಹೋದವರಿಗೆ ಇನ್ನೊಂದು ಸಂಕಟ: ಸಮೀಕ್ಷೆಯವರು ಬಂದಾಗ ಊರಲ್ಲಿಲ್ಲದವಳ ಹೆಸರು ಪಟ್ಟಿಗೆ ಸೇರುವುದು ಹೇಗೆ? ಪಟ್ಟಿಯಲ್ಲಿ ಇಲ್ಲದವಳಿಗೆ ಮಾಸಾಶನವೂ ಇಲ್ಲ. ಹಿಂದಿರುಗಿ ಬಂದವಳು ತಾನು ಇದೇ ಊರಿನವಳೆಂದು ಕಾಗದದಲ್ಲಿ ತೋರಿಸಬೇಕು.

ಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಶಾಲೆಯಿಂದ ಹಿಡಿದು ಪ್ರತಿ ಅರ್ಜಿಯಲ್ಲೂ ‘ತಂದೆಯ ಹೆಸರು’ ಎಂಬ ಖಾಲಿ ಜಾಗ ಅವರನ್ನು ಕಾಡಿದೆ. ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ, ಯಾರಾದರೊಬ್ಬರ ಹೆಸರು ಸಾಕೆಂದು ಕೇಂದ್ರ ಸರ್ಕಾರ 2016ರ ಡಿಸೆಂಬರಿನಲ್ಲಿ ನಿಯಮ ಸಡಿಲಿಸಿತು. ರಾಜ್ಯ ವಿಧಾನಮಂಡಲ 2025ರಲ್ಲಿ ಹೊಸ ದೇವದಾಸಿ ವಿಧೇಯಕವನ್ನು ಅಂಗೀಕರಿಸಿ, ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಈ ಮಕ್ಕಳಿಗೆ ಕೊಡಲು ಮುಂದಾಯಿತು.

ಮಾತು ಒಳ್ಳೆಯದೇ. ಆದರೆ 1934ರ ಕಾಯಿದೆಯ ಮಾತೂ ಒಳ್ಳೆಯದೇ ಆಗಿತ್ತು. ಅಂದು ಇಲ್ಲದಿದ್ದದ್ದು, ಅದನ್ನು ಓದಿ ತಿಳಿದು, ಹಟ್ಟಿಯ ಜಗಲಿಯ ಮೇಲೆ ಕೂತು, ಹೆದರಿದ ತಾಯಿಗೂ ಮಗಳಿಗೂ ಅವರದೇ ಮಾತಿನಲ್ಲಿ ತಿಳಿಸಿ ಹೇಳುವ ಒಬ್ಬಳು ಕಾರ್ಯಕರ್ತೆ. ಇಂದು ಅಂಥವರು ಇದ್ದಾರೆ. ಅವರ ಸಂಖ್ಯೆ ಬೆಳೆದಷ್ಟೂ, ಅವರ ಓದು ಗಟ್ಟಿಯಾದಷ್ಟೂ, ಗುಡ್ಡಕ್ಕೆ ಬರುವ ಹುಡುಗಿ ಕೇವಲ ಭಕ್ತೆಯಾಗಿ ಬಂದು, ಕಾಯಿ ಒಡೆಸಿಕೊಂಡು, ತಾಯಿಯ ಕೈಹಿಡಿದು ತನ್ನೂರಿಗೆ ಮರಳುತ್ತಾಳೆ.