ಕ್ಯಾಸೆಟ್ಟಿನ ಬಿ ಬದಿ

ದುಬೈಯ ಅಲ್ ಕೂಜ್‌ನಲ್ಲಿ, ಗೋದಾಮುಗಳ ಸಾಲಿನ ನಡುವೆ, ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೊ ಇದೆ. ನಮ್ಮ ಗೆಳೆಯರ ಬಳಗ ಹತ್ತು ಭಾವಗೀತೆಗಳ ಆಲ್ಬಂ ಮಾಡಲು ಹೊರಟಾಗ ನನ್ನ ಪಾಲಿಗೆ ಬಂದದ್ದು ಉಚ್ಚಾರ ನೋಡುವ ಕೆಲಸ. ಹಾಡುವವರು ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು; ಅವರ ಬಾಯಲ್ಲಿ ‘ಬೆಳಕು’ ‘ಬೆಲಕು’ ಆಗುತ್ತಿತ್ತು. ನಾನು ಅಬುಧಾಬಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ರಾಗ ತಿಳಿಯದು, ತಾಳವೂ ಅಷ್ಟಕ್ಕಷ್ಟೆ. ಳ ಮತ್ತು ಲ ಬೇರೆ ಬೇರೆ ಎಂಬ ತಿಳಿವಳಿಕೆಯೊಂದೇ ನನ್ನ ಅರ್ಹತೆ.

ಮೊದಲ ದಿನವೇ ಏಸಿಯ ಪಾಠವಾಯಿತು. ಹಾಡು ಶುರುವಾಗುವ ಮೊದಲು ಅದನ್ನು ಆರಿಸಲೇಬೇಕು. ಅದರ ಗುಂಯ್‌ಗುಡುವ ಸದ್ದು ನಮ್ಮ ಕಿವಿಗೆ ಬೀಳದಿದ್ದರೂ ಮೈಕಿಗೆ ಬೀಳುತ್ತದೆ. ಆಗಸ್ಟ್ ತಿಂಗಳು, ಹೊರಗೆ 45 ಡಿಗ್ರಿ. ಒಂದು ಚರಣ ಮುಗಿಯುವಷ್ಟರಲ್ಲಿ ಹುಡುಗಿ ಬೆವರಿ ಹೊರಗೆ ಓಡಿಬರುತ್ತಿದ್ದಳು. ಮತ್ತೆ ಏಸಿ, ಮತ್ತೆ ಆರಿಸು, ಮತ್ತೆ ಹಾಡು.

ಹಾಡನ್ನು ಹಾಡಿದಂತೆಯೇ ಹಿಡಿದಿಡುತ್ತಾರೆ ಎಂದು ನಂಬಿದ್ದ ನನಗೆ ಅಲ್ಲಿ ಕಂಡದ್ದೇ ಬೇರೆ. ಮೊದಲು ಗಡಿಯಾರದಂತೆ ಟಿಕ್‌ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್. ಅದರ ಮೇಲೆ ಯಾರೋ ಒಬ್ಬರು ದಾರಿ ತೋರಿಸಲಿಕ್ಕಷ್ಟೇ ಹಾಡಿದ ಹಾಡು. ಕೊನೆಗೆ ಅದನ್ನು ಎಸೆಯುತ್ತಾರೆ. ಕೊಳಲು, ತಬಲಾ ಬೆಂಗಳೂರಿನಲ್ಲಿ ನುಡಿಸಿ ಇಂಟರ್‌ನೆಟ್ ಮೂಲಕ ಬಂದವು. ನುಡಿಸಿದವರ ಮುಖವನ್ನು ನಮ್ಮ ಹುಡುಗಿ ಇವತ್ತಿಗೂ ನೋಡಿಲ್ಲ. ಅವಳಿಂದ ಒಂದೇ ಪಲ್ಲವಿಯನ್ನು ಆರು ಸಲ ಹಾಡಿಸಿ, ಮೊದಲ ಸಾಲನ್ನು ಮೂರನೆಯ ಸಲದ್ದರಿಂದ, ಎರಡನೆಯದನ್ನು ಐದನೆಯದರಿಂದ ಕತ್ತರಿಸಿ ಜೋಡಿಸಿದರು. ನಾನು ತಪ್ಪು ಹಿಡಿದ ‘ಳ’ಕಾರಕ್ಕೆ ಆ ಒಂದೇ ಪದ ಮತ್ತೆ ಹಾಡಿಸಿ ತೇಪೆ ಹಾಕಿದರು. ಆಮೇಲೆ ಮಿಕ್ಸಿಂಗ್: ಯಾವ ವಾದ್ಯ ಮುಂದೆ, ಯಾವುದು ಹಿಂದೆ, ಯಾವುದು ಎಡಗಿವಿಗೆ ಎಂದು ಕೂರಿಸುವುದು. ಹತ್ತೂ ಹಾಡುಗಳ ದನಿ ಒಂದೇ ಮಟ್ಟಕ್ಕೆ ಬರುವಂತೆ ಹದ ಮಾಡುವ ಮಾಸ್ಟರಿಂಗ್ ಕೊನೆಗೆ. ಇದು ಹಾಡುಗಾರಿಕೆಯೋ ಹೊಲಿಗೆಯೋ ಎಂದು ನಾನು ಗೊಣಗಿದ್ದುಂಟು.

ಗೊಣಗಾಟ ನಿಂತದ್ದು ಹಳೆಯ ಕಾಲದ ಕಷ್ಟ ಓದಿಕೊಂಡ ಮೇಲೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿ ಮುದ್ರಿಸಿದಾಗ ಮೈಕೇ ಇರಲಿಲ್ಲ. ದೊಡ್ಡ ಕಹಳೆಯೊಂದಕ್ಕೆ ಮುಖವಿಟ್ಟು ಹಾಡಬೇಕು. ಮೇಣದ ತಟ್ಟೆಯ ಮೇಲೆ ಸೂಜಿ ಗೀರುತ್ತದೆ. ಸಿಗುವುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ಖಯಾಲನ್ನು ಆಕೆ ಅಷ್ಟರೊಳಗೆ ಮಡಚಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಮೈಕಿನ ಮುದ್ರಣ ಬಂದದ್ದು 1925ರಲ್ಲಿ. ಇಂಥ ಹಲವು ತಟ್ಟೆಗಳನ್ನು ಫೋಟೊ ಆಲ್ಬಮ್ಮಿನಂತೆ ಒಂದೇ ಹೊತ್ತಗೆಯಲ್ಲಿ ಹೊಲಿದು ಮಾರಿದ್ದರಿಂದಲೇ ‘ಆಲ್ಬಂ’ ಎಂಬ ಹೆಸರು.

ಟೇಪು ಬಂದ ಮೇಲೂ ನಮ್ಮ ಹಳೆಯ ಸಿನಿಮಾ ಹಾಡುಗಳು ಮದರಾಸಿನ ಸ್ಟುಡಿಯೊಗಳಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದು. ಒಬ್ಬ ತಪ್ಪಿದರೆ ಎಲ್ಲರಿಗೂ ಮೊದಲಿಂದ. ಕನ್ನಡದ ಹಾಡಿಗೆ ಮದರಾಸಿನ ರೈಲು ಹತ್ತುವುದು ತಪ್ಪಲಿ ಎಂದು ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು.

ನಮ್ಮನ್ನು, ಅಂದರೆ ಗಲ್ಫಿನವರನ್ನು, ಹಿಡಿದದ್ದು ಮಾತ್ರ ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿ ತಟ್ಟೆಗಿಂತ ಅಗ್ಗ. ಎಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲೇ ರೆಕಾರ್ಡ್ ಮಾಡಬಹುದಿತ್ತು. ಊರಿಗೆ ಹೋಗುವವನ ಕೈಯಲ್ಲಿ ಟೂ ಇನ್ ಒನ್ ಇರಲೇಬೇಕು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಹೆಸರಾದದ್ದು ಅದು. ಒಬ್ಬ ತಂದರೆ ಸಾಕು, ಇಡೀ ಕಟ್ಟಡ ಕಾಪಿ ಮಾಡಿಕೊಳ್ಳುತ್ತಿತ್ತು. ಅದು ಸರಿಯಲ್ಲ ಎಂದು ನಮಗೆ ಹೊಳೆದೇ ಇರಲಿಲ್ಲ. ಈ ದೇಶಕ್ಕೆ ಕೃತಿಸ್ವಾಮ್ಯದ ಕಾಯಿದೆ ಬಂದದ್ದೂ 1992ರಲ್ಲಿ.

ಕ್ಯಾಸೆಟ್ಟಿಗೆ ಇನ್ನೊಂದು ಕೆಲಸವೂ ಇತ್ತು. ಓದು ಬರಹ ಬಾರದವರಿಗೆ ಅದೇ ಕಾಗದ. ಪಕ್ಕದ ಮಲಯಾಳಿಗಳು ಗಂಡ ಹೆಂಡಿರ ಕಾಗದವನ್ನೇ ಹಾಡಾಗಿಸಿದ ಎಸ್.ಎ. ಜಮೀಲರ ‘ದುಬೈ ಕತ್ತು ಪಾಟ್ಟು’ ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅಮ್ಮ ಕುಂದಾಪುರದ ಹತ್ತಿರದ ಹಳ್ಳಿಯಿಂದ ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದಳು. ನಾನು ಕೇಳಿ, ಅದರ ಮೇಲೆಯೇ ನನ್ನ ಮಾತು ಹಾಕಿ ವಾಪಸು ಕಳಿಸುವುದು. ಯಂತ್ರ ಹೊಸದನ್ನು ಬರೆಯುವ ಮುನ್ನ ಹಳೆಯದನ್ನು ಅಳಿಸುತ್ತದೆ. ಅದಕ್ಕೆಂದೇ ಒಂದು ಹೆಡ್ ಇದೆ. ಹೀಗೆ ನಾಲ್ಕು ವರ್ಷದ ಅಮ್ಮನ ಮಾತು ಅಳಿಸಿಹೋಯಿತು. ಡಬ್ಬಿಯ ಮೇಲಂಚಿನ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದಿದ್ದರೆ ಉಳಿಯುತ್ತಿತ್ತು. ಗೊತ್ತಿತ್ತು, ಮುರಿಯಲಿಲ್ಲ.

ಉಳಿದದ್ದು ಒಂದೇ ಕ್ಯಾಸೆಟ್ಟು, ಅದೂ ಅರೆಬರೆ. ‘ನಿತ್ಯೋತ್ಸವ’ ತಂದಿದ್ದ ಗೆಳೆಯ ಬೆಳಿಗ್ಗೆ ವಾಪಸು ಬೇಕೆಂದ. ಖಾಲಿ ಟೇಪು ಇರಲಿಲ್ಲ. ಅಮ್ಮನದರ ಮೇಲೆಯೇ ಹಾಕಿದೆ. ಬಿ ಬದಿಯಲ್ಲಿ ಹಾಡು ಮುಗಿದ ಮೇಲೂ ನಾಲ್ಕು ನಿಮಿಷದ ಟೇಪು ಮಿಕ್ಕಿತ್ತು.

ಈಗ ಇಲ್ಲಿ ಸ್ಟುಡಿಯೊಗಳಿಗೆ ಬರವಿಲ್ಲ. ಅಬುಧಾಬಿಯಲ್ಲಿ ಟೂಫೋರ್54 ಇದೆ. ಎಕ್ಸ್‌ಪೊ ಹೊತ್ತಿಗೆ ಎ.ಆರ್. ರೆಹಮಾನ್ ಅವರ ಫಿರ್ದೌಸ್ ಮಹಿಳಾ ವಾದ್ಯವೃಂದವೂ ಅದೇ ಹೆಸರಿನ ಸ್ಟುಡಿಯೊವೂ ಬಂದವು. ನಾನು ಕ್ಯಾಸೆಟ್ಟು ಕೊಟ್ಟದ್ದು ಅಲ್ ಕೂಜ್‌ನ ನಮ್ಮ ತ್ರಿಶೂರಿನ ಎಂಜಿನಿಯರ್ ಹುಡುಗನಿಗೆ. ಮರುದಿನ ಅವನು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಅಮ್ಮ ಎದುರಿಗೇ ಕೂತು ಮಾತಾಡಿದ ಹಾಗಿತ್ತು. ಹಸುವಿನ ವಿಷಯ, ಬಾವಿಯ ನೀರಿನ ವಿಷಯ, ನಡುವೆ “ತಡಿ ಮಗ, ಮಳಿ ಬಂತ್, ಹಪ್ಪಳ ಒಳ್ಗ್ ಹಾಕಿ ಬತ್ತೆ” ಎಂದಳು. ಅಷ್ಟಕ್ಕೇ ಮುಗಿಯಿತು.

“ಇನ್ನೂ ಇರಬೇಕಲ್ಲ?” ಎಂದೆ.

“ಆಮೇಲೆ ಮಾತಿಲ್ಲ ಅಂಕಲ್, ಎರಡು ನಿಮಿಷ ಬರೀ ನಾಯ್ಸ್. ಆ ನಾಯ್ಸಿನದೇ ಸ್ಯಾಂಪಲ್ ತೆಗೆದು ಉಳಿದ ಕಡೆಯೆಲ್ಲ ಕಳೆದುಬಿಟ್ಟೆ. ಅದಕ್ಕೇ ವಾಯ್ಸ್ ಇಷ್ಟು ಕ್ಲೀನ್ ಇರೋದು.”

ಅದು ನಾಯ್ಸ್ ಅಲ್ಲಪ್ಪ, ನಮ್ಮ ಹೆಂಚಿನ ಮಾಡಿನ ಮೇಲೆ ಬಿದ್ದ ಮಳೆ ಎಂದೆ. ಅವನಿಗೆ ಒಂದು ಕ್ಷಣ ಏನೂ ಹೇಳಲು ತೋಚಲಿಲ್ಲ. ಆಮೇಲೆ ಎರಡು ಕೀಲಿ ಒತ್ತಿದ. ಈಗಿನ ಕತ್ತರಿಯಲ್ಲಿ ಮೂಲ ಹಾಗೇ ಇರುತ್ತದಂತೆ, ಕತ್ತರಿಸಿದ್ದನ್ನೆಲ್ಲ ಮರಳಿ ತರಬಹುದಂತೆ. ಎದ್ದುಹೋಗಿ ಏಸಿ ಆರಿಸಿ ಬಂದ. ಮೈಕು ಯಾವುದೂ ತೆರೆದಿರಲಿಲ್ಲ. ಟೇಪು ಮುಗಿಯುವವರೆಗೆ ಇಬ್ಬರೂ ಮಳೆ ಕೇಳಿದೆವು.