ನಾವಿಕನ ಹೆಸರು, ಬ್ಯಾಲಾಳಿನ ಗಡಿಯಾರ

ವಿಜಯನಗರದಲ್ಲಿ ಯಾರದಾದರೂ ಮನೆ ಹುಡುಕಬೇಕಾದರೆ ಹಿಂದೆಲ್ಲ ಮೊದಲು ಕೇಳುತ್ತಿದ್ದುದು ಮಾರುತಿ ಮಂದಿರವನ್ನು. ರಾಜಾಜಿನಗರದಲ್ಲಾದರೆ ನವರಂಗ್ ಚಿತ್ರಮಂದಿರ. ಅಲ್ಲಿಂದ ಎಡಕ್ಕೋ ಬಲಕ್ಕೋ ತಿರುಗಿ, ಎಷ್ಟನೇ ಕ್ರಾಸು ಎಂದು ಇನ್ನೊಬ್ಬರನ್ನು ವಿಚಾರಿಸಿ ಮನೆ ಮುಟ್ಟುವುದು ವಾಡಿಕೆ. ಈಗ ಆಟೋದವರೂ ದಾರಿ ಕೇಳುವುದು ಮೊಬೈಲನ್ನು. ಮೊಬೈಲು ಕೇಳುವುದು ಆಕಾಶದ ಉಪಗ್ರಹಗಳನ್ನು. ಆ ಉಪಗ್ರಹಗಳು ಯಾರವು?

ಬಹಳ ಕಾಲ ಅವು ಅಮೆರಿಕದವೇ ಆಗಿದ್ದವು. ಜಿಪಿಎಸ್ ಎಂಬುದು 1973ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನ್ಯಕ್ಕೆಂದು ಕೈಗೊಂಡ ಯೋಜನೆ. 1995ರ ಹೊತ್ತಿಗೆ ಅದು ಪೂರ್ಣಗೊಂಡಿತು. ಜಗತ್ತಿಗೆಲ್ಲ ಉಚಿತವಾಗಿಯೇ ಸಿಕ್ಕಿತು. ಆದರೆ ಸಾರ್ವಜನಿಕರಿಗೆ ಬಿಟ್ಟ ಸಂಕೇತದಲ್ಲಿ ಬೇಕೆಂದೇ ಒಂದಿಷ್ಟು ತಪ್ಪನ್ನು ಬೆರೆಸಲಾಗುತ್ತಿತ್ತು. ಇದರಿಂದ ಸ್ಥಳ ಸುಮಾರು 100 ಮೀಟರ್‌ವರೆಗೆ ಆಚೀಚೆ ಆಗುತ್ತಿತ್ತು. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಈ ಬೆರಕೆ ನಿಂತಿತು. ಎಲ್ಲರಿಗೂ ಸಂತೋಷವಾಯಿತು, ನಿಜ. ಆದರೆ ದಾರಿ ತೋರಿಸುವ ಕೀಲಿ ಯಾರ ಕೈಯಲ್ಲಿದೆ ಎಂಬುದೂ ಅಂದೇ ಸ್ಪಷ್ಟವಾಯಿತು.

ರಷ್ಯಾ ಬಳಿ ಆಗಲೇ ಗ್ಲೊನಾಸ್ ಇತ್ತು. ಯೂರೋಪ್ ಗೆಲಿಲಿಯೊ ಕಟ್ಟಲು ಹೊರಟಿತು, ಚೀನಾ ಬೇದೋವ್ ಕಟ್ಟಲು ಹೊರಟಿತು. ಭಾರತ ಸರ್ಕಾರ 2006ರಲ್ಲಿ ಇಸ್ರೊದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 1,420 ಕೋಟಿ ರೂಪಾಯಿ. ಹೆಸರು ಮಾತ್ರ ಉಚ್ಚರಿಸುವುದಕ್ಕೇ ಕಷ್ಟ: ಐಆರ್‌ಎನ್‌ಎಸ್‌ಎಸ್.

ಮಿಂಚು ಮತ್ತು ಗುಡುಗು

ಇಡೀ ಭೂಮಿಗೆ ದಾರಿ ತೋರಿಸಲು ಜಿಪಿಎಸ್‌ಗೆ ಕನಿಷ್ಠ 24 ಉಪಗ್ರಹಗಳು ಬೇಕು. ಭಾರತ ತನಗೆ ಬೇಕಾದಷ್ಟನ್ನೇ ಯೋಚಿಸಿತು. ದೇಶದ ನೆಲ ಮತ್ತು ಅದರ ಸುತ್ತಲಿನ 1,500 ಕಿಲೋಮೀಟರ್ ಪ್ರದೇಶ. ಇದಕ್ಕೆ ಏಳು ಉಪಗ್ರಹ ಸಾಕು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇವುಗಳಲ್ಲಿ ಮೂರು ಆಕಾಶದಲ್ಲಿ ಕದಲದೆ ನಿಂತಂತೆ ಕಾಣುತ್ತವೆ. ಉಳಿದ ನಾಲ್ಕು, ದಿನಕ್ಕೊಮ್ಮೆ ಆಕಾಶದಲ್ಲಿ ಇಂಗ್ಲಿಷಿನ 8ರ ಅಂಕಿ ಬರೆಯುತ್ತವೆ.

ಇವು ದಾರಿ ಹೇಗೆ ತೋರಿಸುತ್ತವೆ? ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಗುಡುಗು ಎಷ್ಟು ಹೊತ್ತಿಗೆ ಕೇಳಿಸಿತು ಎಂದು ಎಣಿಸಿ ಸಿಡಿಲಿನ ದೂರ ಲೆಕ್ಕ ಹಾಕುತ್ತೇವಲ್ಲ, ಇದೂ ಅದೇ ಉಪಾಯ. ಪ್ರತಿ ಉಪಗ್ರಹವೂ ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ’ ಎಂದು ಸಾರುತ್ತಲೇ ಇರುತ್ತದೆ. ಆ ಸುದ್ದಿ ಕೆಳಗೆ ಬರಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಳ ಸಿಗುತ್ತದೆ. ನಾಲ್ಕನೆಯದು ಮೊಬೈಲಿನಲ್ಲಿರುವ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು. ಹೀಗಾಗಿ ಕನಿಷ್ಠ ನಾಲ್ಕು ಬೇಕೇ ಬೇಕು.

ಸಂಕೇತ ಬರುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಮಾರುತಿ ಮಂದಿರಕ್ಕೆ ಹೊರಟವರು ಇನ್ಯಾವುದೋ ಕ್ರಾಸಿನಲ್ಲಿ ನಿಂತಿರುತ್ತಾರೆ! ಆದ್ದರಿಂದಲೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇರುತ್ತದೆ.

ಕೆಂಗೇರಿಯ ಆಚೆ

ಮೇಲಿನ ಗಡಿಯಾರಗಳಿಗೆ ಸರಿಯಾದ ವೇಳೆ ಹೇಳಿಕೊಡುವ ಸ್ಥಳ ನಮ್ಮ ಪಕ್ಕದಲ್ಲೇ ಇದೆ. ಕೆಂಗೇರಿಯಿಂದ ಆಚೆ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು. 2008ರ ಚಂದ್ರಯಾನದ ಮಾತು ಕೇಳಿಸಿಕೊಂಡ 32 ಮೀಟರ್ ಅಗಲದ ಆಂಟೆನಾ ಇರುವ ಊರು ಇದು. ಇಲ್ಲಿಯೇ 2013ರ ಮೇ 28ರಂದು ಇಸ್ರೊ ದಿಕ್ಸೂಚಿ ಕೇಂದ್ರ ಉದ್ಘಾಟನೆಯಾಯಿತು. ಇಲ್ಲಿನ ಪರಮಾಣು ಗಡಿಯಾರಗಳ ಸಮೂಹ ಇಡೀ ವ್ಯವಸ್ಥೆಯ ವೇಳೆಯನ್ನು ಕಾಯುತ್ತದೆ. ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಕೆಲಸದಲ್ಲಿ ಹಾಸನದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ದೊಡ್ಡ ಪಾಲು.

ಕೇಂದ್ರ ಆರಂಭವಾದ ಸುಮಾರು ಒಂದು ತಿಂಗಳಿಗೆ, 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಮೊದಲ ಉಪಗ್ರಹ ಮೇಲೇರಿತು. ಏಳನೆಯದು ಏರಿದ್ದು 2016ರ ಏಪ್ರಿಲ್ 28ರಂದು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆ ಆಲೂರಿನ ಎ.ಎಸ್. ಕಿರಣ್ ಕುಮಾರ್.

ಹೆಸರಿಟ್ಟ ದಿನ

ಅಂದೇ ಪ್ರಧಾನಿ ನರೇಂದ್ರ ಮೋದಿ ಈ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಿಟ್ಟರು. ‘ನ್ಯಾವಿಗೇಷನ್ ವಿತ್ ಇಂಡಿಯನ್ ಕಾನ್‌ಸ್ಟಲೇಷನ್’ ಎಂಬ ಇಂಗ್ಲಿಷ್ ಪದಗಳಿಂದ ಹೆಕ್ಕಿದ ಹೆಸರು. ಸೂರ್ಯ ಚಂದ್ರ ನಕ್ಷತ್ರಗಳನ್ನು ನಂಬಿ ಸಮುದ್ರಕ್ಕಿಳಿದ ಮೀನುಗಾರರಿಗೆ, ನಾವಿಕರಿಗೆ ಇದು ಅರ್ಪಣೆ ಎಂಬ ಆಶಯವೂ ಅದರಲ್ಲಿತ್ತು.

ಹೆಸರಿಡುವುದು ಇಸ್ರೊಗೆ ಹೊಸತೇನಲ್ಲ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ದೇಶದ ಮೊದಲ ಉಪಗ್ರಹಕ್ಕೆ, ಮುಂದಿಟ್ಟ ಹೆಸರುಗಳಲ್ಲಿ ‘ಆರ್ಯಭಟ’ವನ್ನು ಆರಿಸಿದವರು ಇಂದಿರಾ ಗಾಂಧಿ. ಬೇರೆ ದೇಶಗಳೂ ಆಕಾಶದ ನೆನಪಿನಿಂದಲೇ ಹೆಸರು ತಂದಿವೆ. ಗೆಲಿಲಿಯೊ ಖಗೋಳ ವಿಜ್ಞಾನಿ. ಬೇದೋವ್ ಎಂದರೆ ನಮ್ಮ ಸಪ್ತರ್ಷಿ ಮಂಡಲಕ್ಕೆ ಚೀನೀಯರಿಟ್ಟ ಹೆಸರು. ‘ನಾವಿಕ’ದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಂಗ್ಲಿಷಿನ ನ್ಯಾವಿಗೇಷನ್ ಪದ ಬಂದದ್ದು ಹಡಗು ಎಂಬರ್ಥದ ಲ್ಯಾಟಿನ್ ‘ನಾವಿಸ್’ನಿಂದ. ಅದೂ ಸಂಸ್ಕೃತದ ‘ನೌ’ ಕೂಡ ಒಂದೇ ಮೂಲದವು. ಹಾಗಾಗಿ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ತನ್ನ ತವರು ಮಾತಿಗೇ ಮರಳಿದಂತಾಗಿದೆ. ಕನ್ನಡಿಗರಿಗಂತೂ ಅದಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ.

ನಿಂತುಹೋದ ಗಡಿಯಾರ

ಹೆಸರಿಟ್ಟ ಸಡಗರ ಬಹಳ ದಿನ ಉಳಿಯಲಿಲ್ಲ. ಉಪಗ್ರಹ ನಮ್ಮದು, ರಾಕೆಟ್ ನಮ್ಮದು, ಹೆಸರೂ ನಮ್ಮದು. ಗಡಿಯಾರ ಮಾತ್ರ ಸ್ವಿಟ್ಜರ್ಲೆಂಡಿನಿಂದ ತರಿಸಿದ್ದು. ಮೊದಲ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟಿವೆ ಎಂಬ ಸುದ್ದಿ 2017ರ ಆರಂಭದಲ್ಲಿ ಹೊರಬಿತ್ತು. ಯೂರೋಪಿನ ಗೆಲಿಲಿಯೊ ಉಪಗ್ರಹಗಳಲ್ಲೂ ಗಡಿಯಾರಗಳು ನಿಂತದ್ದು ಆಗಲೇ ತಿಳಿಯಿತು. ಬದಲಿಗೆಂದು 2017ರ ಆಗಸ್ಟ್ 31ರಂದು ಹಾರಿಸಿದ ಉಪಗ್ರಹ, ರಾಕೆಟ್‌ನ ಶಾಖಕವಚ ಕಳಚಿಕೊಳ್ಳದೆ ಅದರೊಳಗೇ ಸಿಕ್ಕಿಕೊಂಡಿತು. 2018ರ ಏಪ್ರಿಲ್‌ನಲ್ಲಿ ಮತ್ತೊಂದು ಯಶಸ್ವಿಯಾಗಿ ಮೇಲೇರಿತು.

ಅಹಮದಾಬಾದಿನ ಇಸ್ರೊ ಕೇಂದ್ರ ಸ್ವತಃ ರುಬಿಡಿಯಂ ಗಡಿಯಾರ ತಯಾರಿಸಿತು. 2023ರ ಮೇ 29ರಂದು ಏರಿದ ಎನ್‌ವಿಎಸ್-01 ಅದನ್ನು ಹೊತ್ತೊಯ್ದ ಮೊದಲ ಉಪಗ್ರಹ. ನಾವಿಕನ ಚರಿತ್ರೆಯಲ್ಲಿ ಹೆಸರಿಟ್ಟ ದಿನಕ್ಕಿಂತ ಈ ದಿನವೇ ದೊಡ್ಡದು ಎನ್ನಬೇಕು. ಆದರೆ 2025ರ ಜನವರಿ 29ರಂದು, ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02ರ ಕವಾಟ ತೆರೆದುಕೊಳ್ಳದೆ, ಅದು ತನ್ನ ಕಕ್ಷೆ ಸೇರಲಿಲ್ಲ.

ಅದೇ ವರ್ಷ ಸರ್ಕಾರ ಸಂಸತ್ತಿಗೆ ಲೆಕ್ಕ ಒಪ್ಪಿಸಿತು. ಹಾರಿಸಿದ 11 ಉಪಗ್ರಹಗಳಲ್ಲಿ ಸ್ಥಳ ತಿಳಿಸುವ ಕೆಲಸಕ್ಕೆ ಒದಗುತ್ತಿದ್ದವು ನಾಲ್ಕು. ಇನ್ನು ನಾಲ್ಕು, ಸಂದೇಶ ಬಿತ್ತರಿಸಲು ಮಾತ್ರ. ಒಂದು ನಿವೃತ್ತ. ಎರಡು ಕಕ್ಷೆ ತಲುಪಲಿಲ್ಲ. ನಾಲ್ಕು ಎಂದರೆ ಲೆಕ್ಕ ಹಾಕಲು ಬೇಕಾದ ಕನಿಷ್ಠ ಸಂಖ್ಯೆ. ಒಂದು ಕೈಕೊಟ್ಟರೂ ಲೆಕ್ಕ ತಪ್ಪುತ್ತದೆ.

ಈ ಕೊರತೆ ನಮಗೆ ಗೊತ್ತಾಗುವುದಿಲ್ಲ. ಏಕೆಂದರೆ ಮೊಬೈಲು ಅಮೆರಿಕ, ರಷ್ಯಾ, ಯೂರೋಪ್, ಚೀನಾ ಹೀಗೆ ಸಿಕ್ಕವರ ಸಂಕೇತವನ್ನೆಲ್ಲ ಕೂಡಿಸಿ ದಾರಿ ಹೇಳಿಬಿಡುತ್ತದೆ. ವಿಜಯನಗರದ ಮನೆ ಹುಡುಕಲು ಅಷ್ಟು ಸಾಕು. ತಪ್ಪಿದರೂ ಮಾರುತಿ ಮಂದಿರ ಎಲ್ಲೆಂದು ಕೇಳಲು ಜನರಿದ್ದಾರೆ. ಗಡಿ ಕಾಯುವ ಸೈನಿಕನಿಗೆ, ದಡ ಕಾಣದಷ್ಟು ದೂರ ಹೋದ ಮಲ್ಪೆಯ ದೋಣಿಗೆ ಆ ಅನುಕೂಲವಿಲ್ಲ. ಅಂಥವರಿಗಾಗಿಯೇ ಬ್ಯಾಲಾಳಿನಲ್ಲಿ ಹಗಲಿರುಳು ವೇಳೆ ಕಾಯುತ್ತಿದ್ದಾರೆ. ಆ ವೇಳೆಯನ್ನು ಕೆಳಗಿಳಿಸಲು ಮೇಲೆ ಉಪಗ್ರಹಗಳ ಎಣಿಕೆ ಮತ್ತೆ ಏಳಕ್ಕೆ ಮುಟ್ಟಬೇಕಾಗಿದೆ.